ಕೊರತೆಯ ಓದು: ಅಲನ್ ನರ್ಡೆನ್ ಅವರ ಕಿರುತಟ್ಟೆ ಸಂಶೋಧನೆ ಮತ್ತು ಕುಟುಂಬ ಸ್ಮೃತಿ

ರಕ್ತದಲ್ಲಿರುವ ಅತಿಸೂಕ್ಷ್ಮ ಕಣವೊಂದನ್ನು ಕುರಿತ ಜೀವರಸಾಯನ ಸಂಶೋಧನೆಗೆ ಜಾನಪದ ಅಧ್ಯಯನದ ಸಂಪುಟದಲ್ಲಿ ಏನು ಸ್ಥಾನ ಎಂಬ ಪ್ರಶ್ನೆ ಸಹಜವಾದುದು. ಜಾನಪದ ವಿದ್ವಾಂಸರು ಆರೋಗ್ಯದ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ನಾಟಿವೈದ್ಯ, ಗಿಡಮೂಲಿಕೆ, ಮಂತ್ರ, ಹರಕೆ ಇವುಗಳ ಕಡೆಗೇ ಮುಖ ಮಾಡುತ್ತಾರೆ. ಅದು ಅಗತ್ಯವಾದ ಕೆಲಸವೇ ಸರಿ. ಆದರೆ ಆಧುನಿಕ ವೈದ್ಯವಿಜ್ಞಾನದ ಕೆಲವು ಮಹತ್ವದ ಶೋಧಗಳ ಹಿಂದೆ ಕುಟುಂಬಗಳ ನೆನಪು, ಮದುವೆಯ ಪದ್ಧತಿ, ವಲಸೆಯ ಇತಿಹಾಸ ಇವೆಲ್ಲ ಆಧಾರವಾಗಿ ನಿಂತಿವೆ ಎಂಬುದು ನಮ್ಮ ಗಮನಕ್ಕೆ ಬಂದಿರುವುದು ಕಡಿಮೆ. ವಂಶಾವಳಿಯನ್ನು ಸಂಗ್ರಹಿಸುವ ಕೆಲಸ ಜಾನಪದ ವಿದ್ವಾಂಸನದೂ ಹೌದು, ಆನುವಂಶಿಕ ರೋಗವನ್ನು ಅಭ್ಯಸಿಸುವ ವಿಜ್ಞಾನಿಯದೂ ಹೌದು. ಈ ಎರಡು ಕೆಲಸಗಳು ಒಂದನ್ನೊಂದು ಸಂಧಿಸುವ ಜಾಗವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಫ್ರಾನ್ಸಿನಲ್ಲಿ ನೆಲೆಸಿ ದೀರ್ಘಕಾಲ ಕಿರುತಟ್ಟೆಗಳ ಗ್ರಾಹಕಗಳನ್ನು ಅಭ್ಯಸಿಸಿದ ಬ್ರಿಟಿಷ್ ಮೂಲದ ಜೀವರಸಾಯನ ವಿಜ್ಞಾನಿ ಅಲನ್ ನರ್ಡೆನ್ ಅವರ ಸಂಶೋಧನಾ ಜೀವನವನ್ನು ಆಯ್ದುಕೊಳ್ಳಲಾಗಿದೆ.

1. ಕಿರುತಟ್ಟೆ: ಎಣಿಕೆ ಮತ್ತು ಕಾರ್ಯ

ಪ್ಲೇಟ್‌ಲೆಟ್ ಎಂದು ರೂಢಿಯಲ್ಲಿರುವ ಕಿರುತಟ್ಟೆಗಳು ಇಂದು ಕರ್ನಾಟಕದ ಹಳ್ಳಿಗಳಲ್ಲಿಯೂ ಅಪರಿಚಿತವಲ್ಲ. ಡೆಂಗಿ ಜ್ವರದ ಹಾವಳಿಯಿಂದಾಗಿ ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂಬ ಪ್ರಶ್ನೆ ಮನೆಮಾತಾಗಿದೆ. ಪರಂಗಿ ಎಲೆಯ ರಸ ಕುಡಿಸುವ ರೂಢಿಯೊಂದು ಬೆಳೆದಿದೆ. ಆದರೆ ಜನರ ಮನಸ್ಸಿನಲ್ಲಿ ನಿಂತಿರುವುದು ಎಣಿಕೆ ಮಾತ್ರ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಕಿರುತಟ್ಟೆಗಳಿರುವುದು ಆರೋಗ್ಯದ ಲಕ್ಷಣ. ಪ್ರತಿಯೊಂದರ ಅಗಲ ಎರಡು ಮೂರು ಮೈಕ್ರೋಮೀಟರ್. ಅವಕ್ಕೆ ಕೋಶಕೇಂದ್ರವಿಲ್ಲ. ಅವುಗಳ ಆಯುಸ್ಸು ಏಳರಿಂದ ಹತ್ತು ದಿನ. ಇಟಲಿಯ ಜೂಲಿಯೊ ಬಿಟ್ಸೊಝೆರೊ 1882ರಲ್ಲಿ ಇವುಗಳನ್ನು ರಕ್ತದ ಸ್ವತಂತ್ರ ಘಟಕವೆಂದು ಸ್ಥಾಪಿಸಿ, ರಕ್ತಸ್ರಾವವನ್ನು ತಡೆಯುವಲ್ಲಿ ಅವುಗಳ ಪಾತ್ರವನ್ನು ತೋರಿಸಿಕೊಟ್ಟರು.

ರಕ್ತನಾಳಕ್ಕೆ ಗಾಯವಾದಾಗ ಕಿರುತಟ್ಟೆಗಳು ಮೊದಲು ಗಾಯದ ಅಂಚಿಗೆ ಅಂಟಿಕೊಳ್ಳುತ್ತವೆ. ಅನಂತರ ಉದ್ರೇಕಗೊಂಡು ಆಕಾರ ಬದಲಿಸುತ್ತವೆ. ಕೊನೆಗೆ ಒಂದಕ್ಕೊಂದು ಬೆಸೆದುಕೊಂಡು ಮುದ್ದೆಯಾಗಿ ಗಾಯದ ಬಾಯಿಯನ್ನು ಮುಚ್ಚುತ್ತವೆ. ಅಂಟುವುದು ಬೇರೆ, ಬೆಸೆಯುವುದು ಬೇರೆ. ಈ ಭೇದವನ್ನು ವಿಜ್ಞಾನಕ್ಕೆ ಕಲಿಸಿಕೊಟ್ಟದ್ದು ಎರಡು ವಿರಳ ರೋಗಗಳು.

1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡುವಾರ್ಡ್ ಗ್ಲಾಂಝ್‌ಮನ್ ಒಂದು ಆನುವಂಶಿಕ ರಕ್ತಸ್ರಾವ ರೋಗವನ್ನು ವರ್ಣಿಸಿದರು. ಇಂಥ ರೋಗಿಗಳಲ್ಲಿ ಕಿರುತಟ್ಟೆಗಳ ಎಣಿಕೆ ಸರಿಯಾಗಿಯೇ ಇರುತ್ತದೆ. ಆದರೂ ಮೂಗಿನಿಂದ, ವಸಡಿನಿಂದ ರಕ್ತ ಸೋರುತ್ತದೆ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೇಳುತ್ತವೆ. ಹೆಣ್ಣುಮಕ್ಕಳಿಗೆ ಮುಟ್ಟಿನ ರಕ್ತಸ್ರಾವ ಪ್ರಾಣಾಪಾಯದ ಮಟ್ಟಕ್ಕೆ ಹೋಗುವುದೂ ಉಂಟು. ಕಿರುತಟ್ಟೆಗಳು ಇವೆ, ಆದರೆ ಅವು ಒಂದಕ್ಕೊಂದು ಬೆಸೆಯುವುದಿಲ್ಲ. ಎರಡನೆಯ ರೋಗವನ್ನು 1948ರಲ್ಲಿ ಪ್ಯಾರಿಸಿನ ಝಾನ್ ಬೆರ್ನಾರ್ ಮತ್ತು ಝಾನ್-ಪಿಯೆರ್ ಸೂಲಿಯೆ ವರ್ಣಿಸಿದರು. ಇದರಲ್ಲಿ ಕಿರುತಟ್ಟೆಗಳು ಸಾಮಾನ್ಯಕ್ಕಿಂತ ಬಹಳ ದೊಡ್ಡವು, ಎಣಿಕೆಯೂ ಕಡಿಮೆ. ಅವು ಒಂದಕ್ಕೊಂದು ಬೆಸೆಯಬಲ್ಲವು, ಆದರೆ ಗಾಯದ ಅಂಚಿಗೆ ಅಂಟಲಾರವು. ಹೀಗೆ ಎರಡು ರೋಗಗಳು ಎರಡು ಕಾರ್ಯಗಳನ್ನು ಪ್ರತ್ಯೇಕಿಸಿ ತೋರಿಸಿದವು. ಆದರೆ ಏಕೆ ಹೀಗೆ ಎಂಬ ಪ್ರಶ್ನೆಗೆ ದಶಕಗಳ ಕಾಲ ಉತ್ತರವಿರಲಿಲ್ಲ.

2. 1974–75ರ ಶೋಧ

ಈ ಉತ್ತರವನ್ನು ಹುಡುಕುವ ಕೆಲಸದಲ್ಲಿ ನರ್ಡೆನ್ ಅವರ ಹೆಸರು ಮೊದಲಿಗೆ ಬರುತ್ತದೆ. ಪ್ಯಾರಿಸಿನಲ್ಲಿ ರಕ್ತಶಾಸ್ತ್ರಜ್ಞ ಜಾಕ್ ಕಾಯೆನ್ ರಕ್ತಸ್ರಾವದ ರೋಗಿಗಳನ್ನು ದೀರ್ಘಕಾಲದಿಂದ ಅಭ್ಯಸಿಸುತ್ತಿದ್ದರು. 1966ರಲ್ಲಿಯೇ ಅವರೂ ಅವರ ಸಂಗಡಿಗರೂ ಗ್ಲಾಂಝ್‌ಮನ್ ರೋಗದ ಹದಿನೈದು ಪ್ರಕರಣಗಳ ವಿವರವಾದ ವರದಿಯನ್ನು ಪ್ರಕಟಿಸಿದ್ದರು. ಅಂದರೆ ರೋಗಿಗಳ ಪರಿಚಯ, ಅವರ ಕುಟುಂಬಗಳ ವಿವರ, ಹಲವು ವರ್ಷಗಳ ವಿಶ್ವಾಸ ಇವೆಲ್ಲ ಅಲ್ಲಿ ಸಂಗ್ರಹವಾಗಿದ್ದವು. ಈ ಸಂಗ್ರಹಕ್ಕೆ ಜೀವರಸಾಯನದ ವಿಧಾನವನ್ನು ತಂದು ಜೋಡಿಸಿದವರು ನರ್ಡೆನ್.

ವಿಧಾನ ತಾತ್ವಿಕವಾಗಿ ಸರಳವಾದುದು. ಕಿರುತಟ್ಟೆಗಳನ್ನು ಮಾರ್ಜಕ ದ್ರಾವಣದಲ್ಲಿ ಕರಗಿಸಿ, ಬಂದ ಪ್ರೋಟೀನುಗಳನ್ನು ಜೆಲ್ಲಿನ ಒಂದು ತುದಿಗೆ ಹಾಕಿ ವಿದ್ಯುತ್ತನ್ನು ಹರಿಸಿದರೆ ಚಿಕ್ಕ ಪ್ರೋಟೀನುಗಳು ದೂರಕ್ಕೆ, ದೊಡ್ಡವು ಹತ್ತಿರಕ್ಕೆ ಚಲಿಸಿ ಪಟ್ಟಿಗಳಾಗಿ ನಿಲ್ಲುತ್ತವೆ. ಕಿರುತಟ್ಟೆಯ ಹೊರಮೈಯಲ್ಲಿರುವ ಪ್ರೋಟೀನುಗಳಲ್ಲಿ ಹಲವಕ್ಕೆ ಶರ್ಕರದ ಸರಪಣಿಗಳು ಜೋಡಿಕೊಂಡಿರುತ್ತವೆ. ಇವುಗಳಿಗೆ ಗ್ಲೈಕೊಪ್ರೋಟೀನು ಎಂದು ಹೆಸರು. ಶರ್ಕರಕ್ಕೆ ಮಾತ್ರ ಹಿಡಿಯುವ ಬಣ್ಣವನ್ನು ಹಾಕಿದರೆ ಈ ಪಟ್ಟಿಗಳು ಎದ್ದು ಕಾಣುತ್ತವೆ. ಆರೋಗ್ಯವಂತರ ಜೆಲ್ಲನ್ನೂ ರೋಗಿಗಳ ಜೆಲ್ಲನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದುವುದೇ ಕೆಲಸ.

1974ರಲ್ಲಿ ನರ್ಡೆನ್ ಮತ್ತು ಕಾಯೆನ್ ಗ್ಲಾಂಝ್‌ಮನ್ ರೋಗದ ಮೂವರು ರೋಗಿಗಳನ್ನು ಪರೀಕ್ಷಿಸಿ, ಎರಡನೆಯ ಗುಂಪಿನ ಗ್ಲೈಕೊಪ್ರೋಟೀನು ಪಟ್ಟಿ ಅಸಹಜವಾಗಿರುವುದನ್ನು ವರದಿ ಮಾಡಿದರು. 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಬೆರ್ನಾರ್-ಸೂಲಿಯೆ ರೋಗದ ಕಿರುತಟ್ಟೆಗಳಲ್ಲಿ ಮೊದಲ ಗುಂಪಿನ ಗ್ಲೈಕೊಪ್ರೋಟೀನಿನ ದೋಷವಿರುವುದನ್ನು ತೋರಿಸಿ, ಬೇರೆ ಬೇರೆ ಗ್ಲೈಕೊಪ್ರೋಟೀನುಗಳಿಗೆ ಬೇರೆ ಬೇರೆ ಕಾರ್ಯಗಳಿವೆ ಎಂಬ ನಿಲುವನ್ನು ಮಂಡಿಸಿದರು. ಒಂದು ಪಟ್ಟಿಯ ಕೊರತೆಯಿಂದ ಬೆಸೆಯುವ ಶಕ್ತಿ ಹೋಯಿತು. ಇನ್ನೊಂದರ ಕೊರತೆಯಿಂದ ಅಂಟುವ ಶಕ್ತಿ ಹೋಯಿತು. ಆದ್ದರಿಂದ ಆ ಪಟ್ಟಿಗಳೇ ಆ ಶಕ್ತಿಗಳ ನೆಲೆ.

ಈ ತರ್ಕದ ಸ್ವರೂಪ ಜಾನಪದ ವಿದ್ಯಾರ್ಥಿಗಳಿಗೆ ಹೊಸದಲ್ಲ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಕಿನ್ನರಕಥೆಗಳ ರಚನಾ ವಿಶ್ಲೇಷಣೆಯಲ್ಲಿ ‘ಕೊರತೆ’ ಎಂಬುದು ಒಂದು ಪ್ರಮುಖ ಕ್ರಿಯಾಘಟಕ. ಏನೋ ಒಂದು ಇಲ್ಲವಾದಾಗಲೇ ಕಥೆ ಹೊರಡುತ್ತದೆ, ಇಲ್ಲದಿರುವುದರ ಬೆಲೆ ತಿಳಿಯುತ್ತದೆ. ಸಾಮ್ಯವನ್ನು ಇದಕ್ಕಿಂತ ಮುಂದೆ ಎಳೆಯಬೇಕಾಗಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು: ಕಥೆಯಲ್ಲಿ ಕೊರತೆ ನೀಗುತ್ತದೆ, ಇಲ್ಲಿ ರೋಗಿಯ ಕೊರತೆ ನೀಗಲಿಲ್ಲ. ಅವನ ಕೊರತೆಯಿಂದ ಲಾಭವಾದದ್ದು ಇತರರಿಗೆ.

3. ಗ್ರಾಹಕದಿಂದ ಔಷಧದೆಡೆಗೆ

1974ರ ಸುಳಿವನ್ನು ಬೇರೆ ಪ್ರಯೋಗಾಲಯಗಳು ಕೂಡಲೇ ಮುಂದುವರಿಸಿದವು. 1977ರಲ್ಲಿ ಅಮೆರಿಕದ ಡೇವಿಡ್ ಫಿಲಿಪ್ಸ್ ಮತ್ತು ಅವರ ಸಹೋದ್ಯೋಗಿ ಹೆಚ್ಚು ಸೂಕ್ಷ್ಮವಾದ ಜೆಲ್ ವಿಧಾನದಿಂದ ಗ್ಲಾಂಝ್‌ಮನ್ ರೋಗದಲ್ಲಿ ಒಂದಲ್ಲ, ಎರಡು ಪ್ರೋಟೀನುಗಳು ಇಲ್ಲದಿರುವುದನ್ನು ತೋರಿಸಿದರು. ಇವಕ್ಕೆ ಎರಡು-ಬಿ ಮತ್ತು ಮೂರು-ಎ ಎಂಬ ಹೆಸರುಗಳು ನಿಂತವು. ಈ ಎರಡೂ ಜೋಡಿಯಾಗಿ ಒಂದೇ ಗ್ರಾಹಕವಾಗಿ ಕೆಲಸ ಮಾಡುತ್ತವೆ. ರಕ್ತದಲ್ಲಿ ಸದಾ ಹರಿಯುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಈ ಗ್ರಾಹಕಕ್ಕೆ ಕಟ್ಟಿಕೊಳ್ಳುತ್ತದೆ. ಫೈಬ್ರಿನೋಜೆನ್ನಿನ ಒಂದು ತುದಿ ಒಂದು ಕಿರುತಟ್ಟೆಯನ್ನೂ ಇನ್ನೊಂದು ತುದಿ ಮತ್ತೊಂದು ಕಿರುತಟ್ಟೆಯನ್ನೂ ಹಿಡಿಯುವುದರಿಂದ ಮುದ್ದೆ ಏರ್ಪಡುತ್ತದೆ. ಒಂದು ಕಿರುತಟ್ಟೆಯ ಹೊರಮೈಯಲ್ಲಿ ಇಂಥ ಗ್ರಾಹಕಗಳು ಸುಮಾರು 80,000ದಷ್ಟು ಇರುತ್ತವೆ. ವಿಶ್ರಾಂತ ಸ್ಥಿತಿಯಲ್ಲಿ ಅವು ಮುಚ್ಚಿದ ಭಂಗಿಯಲ್ಲಿರುತ್ತವೆ. ಗಾಯದ ಸೂಚನೆ ಬಂದಾಗ ಮಾತ್ರ ತೆರೆದುಕೊಳ್ಳುತ್ತವೆ. ಹೀಗಿಲ್ಲದಿದ್ದರೆ ಹರಿಯುವ ರಕ್ತವೇ ನಾಳದೊಳಗೆ ಗಟ್ಟಿಯಾಗಿಬಿಡುತ್ತಿತ್ತು.

ಹೃದಯಾಘಾತದಲ್ಲಿ ಬಹುಮಟ್ಟಿಗೆ ಆಗುವುದು ಇದೇ. ಹೃದಯದ ರಕ್ತನಾಳದ ಒಳಗೋಡೆ ಒಡೆದಾಗ ಕಿರುತಟ್ಟೆಗಳು ಅದನ್ನು ಗಾಯವೆಂದೇ ಭಾವಿಸಿ ಮುದ್ದೆಯಾಗುತ್ತವೆ. ಹಾಗಾದರೆ ಗ್ಲಾಂಝ್‌ಮನ್ ರೋಗಿಯಲ್ಲಿ ಇಲ್ಲದಿರುವ ಗ್ರಾಹಕವನ್ನು ಹೃದ್ರೋಗಿಯಲ್ಲಿ ಸ್ವಲ್ಪ ಕಾಲ ಕಟ್ಟಿಹಾಕಿದರೆ ಹೇಗೆ? ಅಮೆರಿಕದ ಬ್ಯಾರಿ ಕಾಲರ್ ಈ ಗ್ರಾಹಕವನ್ನು ತಡೆಯುವ ಪ್ರತಿಕಾಯವನ್ನು 1980ರ ದಶಕದಲ್ಲಿ ಸಿದ್ಧಪಡಿಸಿದರು. ಅದರಿಂದ ರೂಪುಗೊಂಡ ಅಬ್ಸಿಕ್ಸಿಮ್ಯಾಬ್ ಎಂಬ ಔಷಧಕ್ಕೆ 1994ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1998ರಲ್ಲಿ ಇನ್ನೆರಡು ಔಷಧಗಳು ಬಂದವು. ಎರಡೂ ಹಾವಿನ ವಿಷದಿಂದ ಕಲಿತ ಪಾಠಗಳು. ಎಪ್ಟಿಫಿಬಟೈಡ್ ಅಮೆರಿಕದ ಒಂದು ಚಿಕ್ಕ ಬುಡುಬುಡಿಕೆ ಹಾವಿನ ವಿಷದ ಪ್ರೋಟೀನನ್ನು ಆಧರಿಸಿದ್ದು. ಟಿರೊಫಿಬಾನ್‌ಗೆ ಮಾದರಿಯಾದ ಎಕಿಸ್ಟಾಟಿನ್ ಎಂಬ ಪ್ರೋಟೀನು ದೊರೆತದ್ದು ನಮ್ಮ ಬಯಲುಸೀಮೆಯ ಕಲ್ಲುಭೂಮಿಯಲ್ಲಿಯೂ ವಾಸಿಸುವ ಗರಗಸ ಮಂಡಲದ ವಿಷದಲ್ಲಿ. ಮಂಡಲದ ಹಾವು ಕಚ್ಚಿದವರಿಗೆ ರಕ್ತ ನಿಲ್ಲದೆ ಸೋರುವುದಕ್ಕೆ ವಿಷದ ಹಲವು ಅಂಶಗಳು ಕಾರಣ. ಕಿರುತಟ್ಟೆಯ ಗ್ರಾಹಕವನ್ನು ಮುಚ್ಚುವ ಇಂಥ ಪ್ರೋಟೀನು ಅವುಗಳಲ್ಲಿ ಒಂದು. ಇಷ್ಟರಿಂದ ವಿಷವೇ ಮದ್ದೆಂಬ ನಾಣ್ಣುಡಿ ಸಿದ್ಧವಾಯಿತೆಂದು ಹೇಳಲು ಬಾರದು. ಹಾವು ಕಚ್ಚಿದವರಿಗೆ ಇಂದಿಗೂ ಪ್ರತಿವಿಷವೇ ಚಿಕಿತ್ಸೆ. ಔಷಧವಾದದ್ದು ವಿಷವಲ್ಲ, ವಿಷದ ಒಂದು ಅಂಶದ ಆಕಾರ.

ಈ ಔಷಧಗಳ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. ಇದೇ ಗ್ರಾಹಕವನ್ನು ತಡೆಯುವ, ಬಾಯಿಯ ಮೂಲಕ ದೀರ್ಘಕಾಲ ಸೇವಿಸಬಹುದಾದ ಗುಳಿಗೆಗಳನ್ನು ತಯಾರಿಸಿ 33,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2001ರಲ್ಲಿ ಆ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಗುಳಿಗೆ ಸೇವಿಸಿದವರಲ್ಲಿ ಮರಣ ಹೆಚ್ಚಾಗಿರುವುದು ಕಂಡುಬಂದಿತು. ಆ ಮಾರ್ಗವನ್ನು ಕೈಬಿಡಲಾಯಿತು. ಕೊರತೆಯನ್ನು ಅನುಕರಿಸುವುದಕ್ಕೂ ಒಂದು ಮಿತಿಯಿದೆ ಎಂಬುದನ್ನು ಇದು ತೋರಿಸಿತು.

ನರ್ಡೆನ್ ಅವರ ಮುಂದಿನ ಕಾರ್ಯಕ್ಷೇತ್ರ ಬೋರ್ದೋ ನಗರ. ಪತ್ನಿ ಹಾಗೂ ಸಹಸಂಶೋಧಕಿ ಪಾಕೀತಾ ನರ್ಡೆನ್ ಅವರೊಡನೆ ಆನುವಂಶಿಕ ಕಿರುತಟ್ಟೆ ರೋಗಗಳ ಅಧ್ಯಯನವನ್ನು ಅಲ್ಲಿ ಮುಂದುವರಿಸಿದರು. 1995ರಲ್ಲಿ ಪಾಕೀತಾ ನರ್ಡೆನ್ ಮೊದಲ ಲೇಖಕಿಯಾಗಿರುವ ಒಂದು ವರದಿ, ಎಡಿಪಿ ಎಂಬ ಸಂಕೇತವಸ್ತುವಿಗೆ ಕಿರುತಟ್ಟೆ ಸರಿಯಾಗಿ ಪ್ರತಿಕ್ರಿಯಿಸದ ರೋಗಿಯೊಬ್ಬರನ್ನು ಕುರಿತದ್ದು. ಇಂಥ ರೋಗಿಗಳಿಂದ ಇರವು ತಿಳಿದ ಈ ಗ್ರಾಹಕದ ವಂಶವಾಹಿಯನ್ನು 2001ರಲ್ಲಿ ಗುರುತಿಸಲಾಯಿತು. ನಮ್ಮ ಊರುಗಳ ಔಷಧದಂಗಡಿಗಳಲ್ಲಿ ಸಿಗುವ ಕ್ಲೋಪಿಡೋಗ್ರೆಲ್ ಗುಳಿಗೆ ಕೆಲಸ ಮಾಡುವುದು ಈ ಗ್ರಾಹಕದ ಮೇಲೆಯೇ. ಇಲ್ಲಿಯೂ ದಾರಿ ತೋರಿದ್ದು ಕೊರತೆಯುಳ್ಳ ಬೆರಳೆಣಿಕೆಯ ರೋಗಿಗಳು.

4. ಮನೂಶ್ ಕುಟುಂಬಗಳು: ವಂಶವಾಹಿಯ ಪಾಠಾಂತರ

ಜಾನಪದ ಅಧ್ಯಯನಕ್ಕೆ ಅತ್ಯಂತ ಹತ್ತಿರವಾದ ಭಾಗ ಇದು. ಗ್ಲಾಂಝ್‌ಮನ್ ರೋಗ ಬಹು ವಿರಳ. ಹತ್ತು ಲಕ್ಷಕ್ಕೆ ಒಬ್ಬರೆಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಒಂದೇ ದೋಷವುಳ್ಳವರು ಆರೋಗ್ಯವಂತರಾಗಿಯೇ ಬಾಳುತ್ತಾರೆ. ಇಂಥ ಇಬ್ಬರ ದಾಂಪತ್ಯದಲ್ಲಿ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಒಳಬಾಂಧವ್ಯದ ಮದುವೆಗಳಿರುವ ಸಮುದಾಯಗಳಲ್ಲಿ ರೋಗ ಹೆಚ್ಚಾಗಿ ಕಾಣುತ್ತದೆ. ಇಸ್ರೇಲಿನಲ್ಲಿ ಇರಾಕಿನಿಂದ ಬಂದ ಯಹೂದಿಗಳು ಮತ್ತು ಅರಬ್ ಕುಟುಂಬಗಳು ಇದಕ್ಕೆ ನಿದರ್ಶನ. ಈ ಎರಡು ಗುಂಪುಗಳಲ್ಲಿ ರೋಗದ ಮೂಲ ಬೇರೆ ಬೇರೆ ಉತ್ಪರಿವರ್ತನೆಗಳೆಂದು 1991ರಲ್ಲಿ ತಿಳಿದುಬಂದಿತು.

ಫ್ರಾನ್ಸಿನಲ್ಲಿ ಇಂಥ ಸಮುದಾಯ ಮನೂಶರದು. ರೋಮಾ ಜನಾಂಗದ ಒಂದು ಶಾಖೆಯಾದ ಇವರ ಹೆಸರು ಭಾರತೀಯ ಮೂಲದ್ದು. ನಮ್ಮ ‘ಮನುಷ್ಯ’ ಪದಕ್ಕೂ ಅದಕ್ಕೂ ಬೇರು ಒಂದೇ. ಅವರ ಭಾಷೆ ಇಂಡೋ-ಆರ್ಯನ್ ವರ್ಗಕ್ಕೆ ಸೇರಿದೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಫ್ರಾನ್ಸಿನ ಈ ಸಮುದಾಯದ ರೋಗಿಗಳಲ್ಲಿ ಒಂದು ನಿರ್ದಿಷ್ಟ ಉತ್ಪರಿವರ್ತನೆಯನ್ನು ಗುರುತಿಸಿತು. ಎರಡು-ಬಿ ಪ್ರೋಟೀನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದು ಪಠ್ಯದ ಎರಡು ಖಂಡಗಳು ಕೂಡುವ ಜಾಗವಾದುದರಿಂದ ಕೂಡಿಕೆ ತಪ್ಪಿ ಎಂಟು ಅಕ್ಷರಗಳು ಬಿಟ್ಟುಹೋಗುತ್ತವೆ. ವಂಶವಾಹಿಯ ಅಕ್ಷರಗಳನ್ನು ಮೂರು ಮೂರಾಗಿ ಓದುವುದರಿಂದ, ಎಂಟು ಅಕ್ಷರ ಬಿಟ್ಟರೆ ಮುಂದಿನ ಓದೆಲ್ಲ ಜಾರುತ್ತದೆ. ಪ್ರೋಟೀನು ರೂಪುಗೊಳ್ಳುವುದೇ ಇಲ್ಲ.

2011ರಲ್ಲಿ ನರ್ಡೆನ್ ಅವರೂ ಸೇರಿದ ಬೋರ್ದೋ ತಂಡ ಈ ಉತ್ಪರಿವರ್ತನೆಯ ವಯಸ್ಸನ್ನು ಲೆಕ್ಕಹಾಕಿತು. ವಂಶವಾಹಿಯೊಂದು ತಲೆಮಾರಿನಿಂದ ತಲೆಮಾರಿಗೆ ಬರುವಾಗ ತನ್ನ ಅಕ್ಕಪಕ್ಕದ ಗುರುತುಗಳನ್ನೂ ಹೊತ್ತು ತರುತ್ತದೆ. ಪ್ರತಿ ತಲೆಮಾರಿನಲ್ಲಿಯೂ ಅದಲುಬದಲು ನಡೆದು, ಒಟ್ಟಿಗೆ ಬರುವ ಭಾಗ ಕಿರಿದಾಗುತ್ತ ಹೋಗುತ್ತದೆ. ಬೇರೆ ಬೇರೆ ಕುಟುಂಬಗಳಲ್ಲಿ ಸಮಾನವಾಗಿ ಉಳಿದಿರುವ ಭಾಗದ ಉದ್ದವನ್ನು ಅಳೆದರೆ ಮೂಲ ಎಷ್ಟು ಹಿಂದಿನದೆಂದು ಅಂದಾಜಿಸಬಹುದು. ಪಾಠಾಂತರಗಳನ್ನು ಹೋಲಿಸಿ ಮೂಲಪಾಠವನ್ನೂ ಅದರ ಕಾಲದೇಶಗಳನ್ನೂ ಊಹಿಸುವ ಫಿನ್ನಿಷ್ ಪಂಥದ ಐತಿಹಾಸಿಕ-ಭೌಗೋಳಿಕ ವಿಧಾನವನ್ನು ಬಲ್ಲವರಿಗೆ ಈ ತರ್ಕ ಪರಿಚಿತವಾದುದು. ಒಂದು ವ್ಯತ್ಯಾಸ ಮುಖ್ಯ: ಹಾಡುಗಾರ ಪಾಠವನ್ನು ಉದ್ದೇಶಪೂರ್ವಕವಾಗಿ ಬದಲಿಸಬಲ್ಲ, ಆದ್ದರಿಂದ ಅಲ್ಲಿ ಕಾಲಗಣನೆ ದುರ್ಬಲ; ವಂಶವಾಹಿಯ ಅದಲುಬದಲಿಗೆ ಉದ್ದೇಶವಿಲ್ಲದ ಕಾರಣ ಲೆಕ್ಕಕ್ಕೆ ಒಂದು ಗತಿ ದೊರೆಯುತ್ತದೆ. ಫಲಿತಾಂಶದ ಪ್ರಕಾರ ಈ ಉತ್ಪರಿವರ್ತನೆ ಸುಮಾರು 300–400 ವರ್ಷ ಹಿಂದಿನದು. ಒಬ್ಬ ಪೂರ್ವಜನಿಂದ ಕುಟುಂಬಗಳಿಗೆ ಹರಡಿದ್ದು.

ಇದರಿಂದ ಹೊರಡುವ ತೀರ್ಮಾನವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ರೋಮಾ ಜನರ ಪೂರ್ವಿಕರು ಭಾರತದಿಂದ ಹೊರಟು ಯೂರೋಪನ್ನು ತಲುಪಿದ್ದು ಇದಕ್ಕಿಂತ ಬಹಳ ಮೊದಲು. ಆದ್ದರಿಂದ ಈ ಉತ್ಪರಿವರ್ತನೆ ಭಾರತದಿಂದ ಹೋದದ್ದಲ್ಲ. ಯೂರೋಪಿನ ನೆಲದಲ್ಲಿ ಹುಟ್ಟಿದ್ದು. ನಮ್ಮ ಲಂಬಾಣಿ ಸಮುದಾಯವನ್ನೂ ರೋಮಾ ಜನರನ್ನೂ ಒಂದೇ ಬೇರಿನವರೆಂದು ಹೇಳುವ ರೂಢಿಯಿದೆ. ಅಂಥ ವಾದಕ್ಕೆ ಈ ಸಂಶೋಧನೆಯಿಂದ ಯಾವ ಆಧಾರವೂ ದೊರೆಯುವುದಿಲ್ಲ. ಭಾಷೆ, ವೇಷಭೂಷಣಗಳ ಸಾಮ್ಯದಿಂದ ರಕ್ತಸಂಬಂಧವನ್ನು ಊಹಿಸುವುದೂ, ಒಂದು ವಂಶವಾಹಿಯಿಂದ ಸಂಸ್ಕೃತಿಯ ಇತಿಹಾಸವನ್ನು ಊಹಿಸುವುದೂ ಒಂದೇ ಬಗೆಯ ಅವಸರ.

ಹೆಸರಿನ ಪ್ರಶ್ನೆಯೂ ಇಲ್ಲಿದೆ. ವೈದ್ಯಕೀಯ ಬರೆಹಗಳಲ್ಲಿ ಇದು ‘ಫ್ರೆಂಚ್ ಜಿಪ್ಸಿ ಉತ್ಪರಿವರ್ತನೆ’ ಎಂದೇ ಪ್ರಸಿದ್ಧ. ಜಿಪ್ಸಿ ಎಂಬ ಪದವನ್ನು ರೋಮಾ ಜನರಲ್ಲಿ ಅನೇಕರು ಅವಮಾನಕರವೆಂದು ಭಾವಿಸುತ್ತಾರೆ. ಶತಮಾನಗಳ ಬಹಿಷ್ಕಾರವನ್ನೂ ಎರಡನೆಯ ಮಹಾಯುದ್ಧದ ಕಾಲದ ನರಮೇಧವನ್ನೂ ಅನುಭವಿಸಿದ ಜನಾಂಗದ ಹೆಸರು ಒಂದು ರೋಗಕ್ಕೆ ಅಂಟಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಸಮುದಾಯಗಳ ಹೆಸರಿನಲ್ಲಿ ಬರೆಯುವ ನಮಗೂ ಇದು ಅನ್ವಯಿಸುವ ಮಾತು.

ಆದರೆ ಈ ಜ್ಞಾನದಿಂದ ಆ ಕುಟುಂಬಗಳಿಗೇ ಪ್ರಯೋಜನವಿದೆ. ಗ್ರಾಹಕ ಸಂಪೂರ್ಣವಾಗಿ ಇಲ್ಲದವರಿಗೆ ಬೇರೆಯವರ ಕಿರುತಟ್ಟೆಗಳನ್ನು ಕೊಟ್ಟಾಗ, ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸಬಹುದು. ಮುಂದಿನ ಬಾರಿ ಕೊಟ್ಟ ಕಿರುತಟ್ಟೆಗಳು ನಿಷ್ಫಲವಾಗಬಹುದು. ಗರ್ಭಿಣಿಯಲ್ಲಿ ಈ ಪ್ರತಿಕಾಯಗಳು ಮಗುವಿನ ಕಿರುತಟ್ಟೆಗಳನ್ನೂ ನಾಶಮಾಡಬಹುದು. ಯಾರಲ್ಲಿ ಈ ಅಪಾಯ ಹೆಚ್ಚೆಂದು ಮೊದಲೇ ತಿಳಿದರೆ ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ಯೋಜಿಸಬಹುದು.

5. ದಕ್ಷಿಣ ಭಾರತದ ಸಂದರ್ಭ

ಈ ರೋಗ ನಮ್ಮಿಂದ ದೂರದ್ದಲ್ಲ. 1981ರಲ್ಲಿ ವೆಲ್ಲೂರಿನ ವೈದ್ಯರು ದಕ್ಷಿಣ ಭಾರತದ 42 ಗ್ಲಾಂಝ್‌ಮನ್ ರೋಗಿಗಳ ವರದಿಯನ್ನು ಪ್ರಕಟಿಸಿದರು. ಇಷ್ಟು ವಿರಳವಾದ ರೋಗಕ್ಕೆ ಇದು ದೊಡ್ಡ ಸಂಖ್ಯೆ. ಸೋದರಮಾವನಿಗೆ ಅಕ್ಕನ ಮಗಳನ್ನು, ಸೋದರತ್ತೆಯ ಮಗನಿಗೆ ಸೋದರಮಾವನ ಮಗಳನ್ನು ಕೊಟ್ಟು ತರುವ ಪದ್ಧತಿ ನಮ್ಮಲ್ಲಿ ವ್ಯಾಪಕ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಸುಮಾರು ಮೂರನೆಯ ಒಂದು ಭಾಗದ ಮದುವೆಗಳು ರಕ್ತಸಂಬಂಧದೊಳಗೆ ನಡೆದವೆಂದು ಕಂಡುಬಂದಿತ್ತು. ಸೋದರಮಾವ-ಸೊಸೆಯರ ಮಗುವಿಗೆ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ-ಸೋದರಮಾವಂದಿರ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು.

ಈ ಪದ್ಧತಿಯನ್ನು ಹಳಿಯುವುದು ಜಾನಪದ ವಿದ್ವಾಂಸನ ಕೆಲಸವಲ್ಲ. ಆಸ್ತಿ ಒಡೆಯದಿರುವುದು, ಹೆಣ್ಣುಮಗಳು ತವರಿನ ಆಸರೆಯಲ್ಲಿಯೇ ಉಳಿಯುವುದು, ಎರಡು ಮನೆಗಳ ಋಣ ಮುಂದುವರಿಯುವುದು ಇವೆಲ್ಲ ಅದರ ಹಿಂದಿವೆ. ಇಂಥ ಮದುವೆಗಳಲ್ಲಿ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಂತರೇ. ಆದರೆ ಒಂದು ಮನೆತನದಲ್ಲಿ ಮೂಗಿನಿಂದ ರಕ್ತ ಸುರಿದು ತೀರಿಕೊಂಡ ಮಕ್ಕಳ, ಮೈನೆರೆದಾಗ ರಕ್ತ ನಿಲ್ಲದೆ ಸತ್ತ ಹೆಣ್ಣುಮಕ್ಕಳ ನೆನಪು ಇದ್ದರೆ, ಆ ನೆನಪು ವೈದ್ಯನಿಗೆ ಮೊದಲ ಸುಳಿವು.

ಕರ್ನಾಟಕದಲ್ಲಿ ವಂಶಾವಳಿಯನ್ನು ವೃತ್ತಿಯಾಗಿ ಕಾಪಾಡಿಕೊಂಡು ಬಂದವರು ಹೆಳವರು. ಕೆಲವು ವರ್ಷಗಳಿಗೊಮ್ಮೆ ಒಕ್ಕಲು ಮನೆಗಳಿಗೆ ಬಂದು ಪೀಳಿಗೆಯ ಹೆಸರುಗಳನ್ನು ಹಾಡಿ, ಹೊಸ ಹೆಸರುಗಳನ್ನು ಸೇರಿಸಿಕೊಂಡು ಹೋಗುವ ಈ ಪರಂಪರೆ ಜಾನಪದ ಸಂಗ್ರಹಗಳಲ್ಲಿ ದಾಖಲಾಗಿದೆ. ವೈದ್ಯಕೀಯ ದೃಷ್ಟಿಯಿಂದ ಈ ವಂಶಾವಳಿಗಳಿಗೆ ಒಂದು ಮಿತಿಯುಂಟು: ಅವು ಸಾಮಾನ್ಯವಾಗಿ ಗಂಡುಸಂತತಿಯ ಸಾಲನ್ನು ಹೇಳುತ್ತವೆ, ಎಳವೆಯಲ್ಲಿ ತೀರಿಕೊಂಡ ಮಕ್ಕಳು, ಕೊಟ್ಟ ಹೆಣ್ಣುಮಕ್ಕಳ ಮುಂದಿನ ಪೀಳಿಗೆ ಅವುಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಗ್ಲಾಂಝ್‌ಮನ್ ರೋಗದಂಥ ರೋಗಕ್ಕೆ ಬೇಕಾದದ್ದು ತಂದೆ ತಾಯಿ ಎರಡೂ ಕಡೆಯ ಸಾಲು. ಆ ಸಾಲು ಉಳಿದಿರುವುದು ಅಜ್ಜಿಯರ ನೆನಪಿನಲ್ಲಿ. ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ಆ ನೆನಪಿಗೆ ಸ್ಥಾನ ಕಡಿಮೆ.

6. ಉಪಸಂಹಾರ

ಇಲ್ಲಿಯವರೆಗಿನ ಚರ್ಚೆಯಿಂದ ಎರಡು ಮಾತುಗಳನ್ನು ಹೇಳಬಹುದು. ಮೊದಲನೆಯದು, ಕುಟುಂಬ ಸ್ಮೃತಿಯನ್ನು ಸಂಗ್ರಹಿಸುವಾಗ ಹೆಣ್ಣುಸಾಲನ್ನೂ, ಅಕಾಲದಲ್ಲಿ ತೀರಿಕೊಂಡವರನ್ನೂ ಬಿಡದೆ ದಾಖಲಿಸಬೇಕು. ಇದು ವೈದ್ಯಶಾಸ್ತ್ರಕ್ಕೆ ಮಾಡುವ ಉಪಕಾರ ಮಾತ್ರವಲ್ಲ; ದಾಖಲೆಯ ಪೂರ್ಣತೆಗೂ ಅಗತ್ಯ.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಹೀಗೆ ದಾಖಲಿಸಿದ ವಿವರವನ್ನು ಹೆಸರು, ಊರುಗಳ ಸಹಿತ ಅಚ್ಚುಹಾಕಬಾರದು. ‘ಆ ಮನೆಯ ಹೆಣ್ಣಿಗೆ ರಕ್ತ ನಿಲ್ಲುವುದಿಲ್ಲ’ ಎಂಬ ಒಂದು ಸಾಲು ಆ ಮನೆಯ ಎಲ್ಲ ಹೆಣ್ಣುಮಕ್ಕಳ ಮದುವೆಯನ್ನು ನಿಲ್ಲಿಸಬಲ್ಲದು. ವಕ್ತೃವಿನ ಹೆಸರು, ವಯಸ್ಸು, ಊರುಗಳನ್ನು ಕೊಡುವುದು ನಮ್ಮ ಶಿಸ್ತಿನಲ್ಲಿ ಪ್ರಾಮಾಣಿಕತೆಯ ಗುರುತು. ಹಾಡಿಗೆ, ಕಥೆಗೆ ಸರಿಯಾದ ಈ ನಿಯಮ ರೋಗದ ನೆನಪಿಗೆ ಸಲ್ಲುವುದಿಲ್ಲ. 1974ರ ಲೇಖನದ ಆ ಮೂವರು ರೋಗಿಗಳ ಕೊರತೆಯಿಂದ ಹೃದ್ರೋಗ ಚಿಕಿತ್ಸೆಗೆ ಹೊಸ ದಾರಿಯೊಂದು ತೆರೆಯಿತು. ಅವರ ಮನೆತನಗಳನ್ನು ಲೋಕದ ಮುಂದಿಡಬೇಕಾದ ಅಗತ್ಯ ಅದಕ್ಕೆ ಬರಲಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಕಾಯ್ದಿಡಬೇಕು ಎಂಬ ವಿವೇಚನೆಯನ್ನು ವಂಶಾವಳಿಗಳ ಸಂಗ್ರಹದಲ್ಲಿ ತೊಡಗಿರುವ ನಮ್ಮ ಸಂಸ್ಥೆಗಳು ನಿಯಮದ ರೂಪದಲ್ಲಿ ಅಳವಡಿಸಿಕೊಳ್ಳುವುದು ಅವಶ್ಯವಾಗಿದೆ.